ಬೀಗರ ಪಾಲಿನ ಭುಜ

ನಾರ್ತ್ ಕ್ಯಾರೊಲೈನಾದ ಪೂರ್ವದ ಕಡೆ ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಸುಟ್ಟ ಇಡೀ ಹಂದಿ, ಅದಕ್ಕೆ ವಿನಿಗರ್ ಮತ್ತು ಒಣಮೆಣಸಿನ ಖಾರ, ಅಷ್ಟೇ. ಪಶ್ಚಿಮದವರು ಬರೀ ಭುಜ ಸುಟ್ಟು, ಖಾರಕ್ಕೆ ಟೊಮೆಟೊ ಬೆರೆಸಿ ಕೆಂಪು ಮಾಡುತ್ತಾರೆ. ಎಲ್ವುಡ್ ಟ್ರಿಪ್ ಅದನ್ನು ಊಟ ಎಂದೇ ಒಪ್ಪಿದವನಲ್ಲ. ಅಂಥವನ ಒಬ್ಬಳೇ ಮಗಳು ಡಾರ್ಲಾ ಪಶ್ಚಿಮದ ಹುಡುಗನನ್ನೇ ಮೆಚ್ಚಿ ಕೂತಳು.

ಮದುವೆಯ ಬೆಳಿಗ್ಗೆ ಎಲ್ವುಡ್ ಚರ್ಚಿನ ಹಿಂದೆ ಓಕ್ ಕೆಂಡದ ಮೇಲೆ ಹಂದಿ ಮಗುಚುತ್ತಿದ್ದಾಗ ಅವಳು ಓಡಿ ಬಂದಳು. ತಲೆಯಲ್ಲಿನ್ನೂ ಕ್ಲಿಪ್ಪುಗಳಿದ್ದವು.

"ಅಪ್ಪಾ, ಒಂದು ಭುಜ ಹಾಗೇ ಬಿಟ್ಬಿಡು. ಅದಕ್ಕೆ ನಿನ್ನ ಖಾರ ಹಾಕ್ಬೇಡ."

"ಯಾಕೆ, ಬೀಗರ ಕೆಚಪ್ ಸುರಿಯೋಕಾ?"

"ಈಗ ಕೇಳ್ಬೇಡ, ಅಳು ಬಂದ್ಬಿಡುತ್ತೆ. ಮಾತು ಕೊಡು."

"ಆಯ್ತು ಹೋಗೇ, ಕೊಟ್ಟೆ."

ಅಳು ಯಾಕೆ ಎಂದು ಆ ಪುಣ್ಯಾತ್ಮ ಒಂದು ಗಳಿಗೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮಾಂಸ ಕೊಚ್ಚುವ ಹೊತ್ತಿಗೆ ಹಳೇ ಗೆಳೆಯರೆಲ್ಲ ಸುತ್ತ ನೆರೆದರು. ಪಕ್ಕಕ್ಕಿಟ್ಟ ಭುಜ ಅವರಲ್ಲೊಬ್ಬನಾದ ಬಸ್ಟರನ ಕಣ್ಣಿಗೆ ಬಿತ್ತು.

"ಏನೋ ಎಲ್ವುಡ್, ಬೀಗರು ಬರೋಕೆ ಮುಂಚೇನೇ ಬಾಲ ಮುದುರಿದ್ಯಾ? ಮುಂದಿನ ವರ್ಷ ಟೊಮೆಟೊ ತೋಟ ಹಾಕ್ತೀಯ ಬಿಡು!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಲ್ವುಡ್‌ಗೆ ಮೈಯೆಲ್ಲ ಉರಿಯಿತು. ಆ ಭುಜವನ್ನೂ ರಾಶಿಗೆ ಎಳೆದು, ಕೊಚ್ಚಿ, ವಿನಿಗರ್ ಖಾರ ಧಾರಾಳವಾಗಿ ಸುರಿದು ಕಲಸಿಬಿಟ್ಟ. "ತಿನ್ಲಿ ಬಿಡ್ರೋ, ನಾಲಿಗೆಗೆ ಬುದ್ಧಿ ಬರ್ಲಿ!" ಎಂದು ತಾನೂ ನಕ್ಕ. ಒಮ್ಮೆ ಕಲಸಿದ ಮೇಲೆ ಮಾಂಸದಿಂದ ಖಾರ ತೆಗೆಯುವುದು ಯಾರಿಂದಲೂ ಆಗದ ಕೆಲಸ.

ಊಟದ ವೇಳೆಗೆ ಬೀಗ ವೇಡ್ ಹೆಡ್ರಿಕ್ ಟವಲಿನಲ್ಲಿ ಸುತ್ತಿದ ಒಂದು ಗಾಜಿನ ಜಾಡಿ ಹಿಡಿದು ಬಂದ. ಹಿಂದೆ ಮದುಮಗ ಕೀತ್ ಮತ್ತು ಡಾರ್ಲಾ.

"ಒಂದು ಭುಜ ತೆಗೆದಿಟ್ಟಿದ್ದೀರಂತೆ, ದೊಡ್ಡ ಉಪಕಾರ ಆಯ್ತು," ಎಂದ ವೇಡ್. "ಇದು ಕೀತ್‌ನ ಅಮ್ಮ, ನಮ್ಮ ನೆಲ್ ಮಾಡಿಟ್ಟ ಖಾರ. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಕೂತ್ಕೊಂಡೇ ಕುದಿಸಿದ್ಲು. ಮದುವೆ ನೋಡೋಕಂತೂ ಆಗಲ್ಲ, ಮಗನ ತಟ್ಟೆಗಾದ್ರೂ ಬೀಳ್ಲಿ ಅಂದ್ಲು. ಅಲ್ಲಿಂದ ವಾಪಸ್ ಬರ್ಲೇ ಇಲ್ಲ. ಇನ್ನೊಂದು ಜಾಡಿ ಇಲ್ಲ."

ಎಲ್ವುಡ್ ಕೊಚ್ಚಿದ ರಾಶಿಯ ಕಡೆ ಕೈ ತೋರಿಸಿದ. "ಎಲ್ಲಾ ಕಲಸಿಬಿಟ್ಟೆ," ಎಂದ.

ಡಾರ್ಲಾ ಅಪ್ಪನ ಮುಖ ನೋಡಿದಳು. ಆಮೇಲೆ ಆ ದಿನವಿಡೀ ನೋಡಲಿಲ್ಲ.

"ಪರವಾಗಿಲ್ಲ ಬೀಗರೇ, ನಿಮ್ಮ ಕಡೆ ಪದ್ಧತಿ ನಿಮ್ದು," ಎಂದ ವೇಡ್. ಅವನು ಬೈದಿದ್ದರೆ ಎಲ್ವುಡ್ ಬದುಕಿಕೊಳ್ಳುತ್ತಿದ್ದ.

ಕೀತ್ ಒಂದು ಬ್ರೆಡ್ಡಿನ ಪೊಟ್ಟಣ ಒಡೆದ. ತಂದೆ, ಮಗ, ಸೊಸೆ ಮೂವರೂ ಮೇಜಿನ ಮೂಲೆಯಲ್ಲಿ ನಿಂತು, ಬರೀ ಬ್ರೆಡ್ಡನ್ನು ಕೆಂಪು ಖಾರದಲ್ಲಿ ಅದ್ದಿ, ಜಾಡಿ ಖಾಲಿಯಾಗುವವರೆಗೂ ತಿಂದರು. ಒಂದು ತುಂಡು ತನಗೂ ಕೊಡಿ ಎಂದು ಕೇಳುವ ಮುಖ ಎಲ್ವುಡ್‌ಗೆ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಮಗಳು ಅಳಿಯ ಬಂದಾಗಲೆಲ್ಲ ಅವನು ಯಾರೂ ಹೇಳದೆಯೇ ಒಂದು ಭುಜ ಬೇರೆಯಿಡುತ್ತಿದ್ದ. ಬಸ್ಟರನ ಮುಂದೆಯೇ ಟೊಮೆಟೊ ಕುದಿಸುತ್ತಿದ್ದ. ತಾನು ರುಚಿಯೇ ನೋಡಿರದ ಆ ಜಾಡಿಯ ಖಾರ ಹಿಡಿಯಲೆಂದು ಸಕ್ಕರೆ ಹೆಚ್ಚು ಮಾಡಿ ನೋಡಿದ, ಕಡಿಮೆ ಮಾಡಿ ನೋಡಿದ. ಕೀತ್ ಪ್ರತಿಸಲವೂ ಒಂದು ಚಮಚ ಬಾಯಿಗಿಟ್ಟು ನೋಡುತ್ತಿದ್ದ. ಆಮೇಲೆ, "ಚೆನ್ನಾಗಿದೆ ಮಾವ," ಎಂದು ಹೇಳಿ, ವಿನಿಗರ್ ಬಾಟಲಿಗೆ ಕೈ ಚಾಚುತ್ತಿದ್ದ.