ಮಡಿಚಿದ ಅಂಚು

ಕರಡು ನಕ್ಷೆಯನ್ನು ಪುರಸಭೆಯ ಹಲಗೆಗೆ ಅಂಟಿಸಿದ ಅರವತ್ತನೆಯ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸುದ್ದಿ ಬಂತು. ಅಕ್ಕ ಆಗ ಪೆನ್ಸಿಲು ಕೆತ್ತುತ್ತ ಕುಳಿತಿದ್ದಳು. ಯೋಜನಾ ಶಾಖೆಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವಳನ್ನು ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಅದೇ ಶಾಖೆಯಲ್ಲಿ ಅಳತೆಯ ಕೆಲಸ ಮಾಡುತ್ತಿದ್ದ ಅವಳ ಒಡಹುಟ್ಟಿದವನು, ತಲೆ ಪೂರ್ತಿ ನರೆತಿದ್ದರೂ, ಎಲ್ಲರಿಗೂ ತಮ್ಮನೇ.

ಫೋನು ಮಾಡಿದವಳು ತಮ್ಮನ ಹೆಂಡತಿ. "ಅಕ್ಕಾ, ಇವರು ಬಸ್ ನಿಲ್ದಾಣದಲ್ಲಿ ಕುಸಿದುಬಿಟ್ರಂತೆ. ಆಸ್ಪತ್ರೆಗೆ ಬಂದುಬಿಡಿ."

ಆ ದನಿಯಲ್ಲಿ ಅಳು ಇರಲಿಲ್ಲ. ಅಷ್ಟರಿಂದಲೇ ಅಕ್ಕನಿಗೆ ತಿಳಿಯಿತು. ಕೆತ್ತಿದ ಪೆನ್ಸಿಲನ್ನು ಡಬ್ಬಿಗೆ ಹಾಕಿ, ಮುಚ್ಚಳ ಭದ್ರವಾಗಿ ಒತ್ತಿ, ಆಮೇಲೆ ಎದ್ದಳು. ಜೀವ ಹೋದ ಸುದ್ದಿ ಕೇಳಿಯೂ ಡಬ್ಬಿಯ ಮುಚ್ಚಳ ಹಾಕುವ ಬುದ್ಧಿ ತನಗೆ ಹೇಗೆ ಉಳಿಯಿತು ಎಂದು ಮುಂದೆ ಎಷ್ಟೋ ದಿನ ತನ್ನನ್ನು ತಾನೇ ಕೇಳಿಕೊಂಡಳು.

ಆಸ್ಪತ್ರೆಯವರು ತಮ್ಮನ ಚೀಲವನ್ನು ಅವಳ ಕೈಗೆ ಕೊಟ್ಟು, ಗುರುತಿನ ಚೀಟಿ ಇದ್ದರೆ ತೆಗೆದುಕೊಡಿ ಎಂದರು. ಚೀಲದಲ್ಲಿ ಅಳತೆಯ ಟೇಪು, ಇನ್ನೂ ಬೆಚ್ಚಗಿದ್ದ ಊಟದ ಡಬ್ಬಿ, ದಾರ ಕಟ್ಟಿದ ಕನ್ನಡಕ ಇದ್ದವು. ಕನ್ನಡಕದ ಕೆಳಗೆ ಅಚ್ಚುಕಟ್ಟಾಗಿ ಮಡಿಚಿದ ಒಂದು ಕಾಗದ. ತಮ್ಮನ ಕೈಬರಹ.

"ಹಳೆಯ ನೂಲಿನ ಗಿರಣಿಯ ಹಿಂದಿನ ಓಣಿಯಲ್ಲಿ ಒಂಬತ್ತು ಮನೆಗಳಿವೆ. ನಾನು ತಯಾರಿಸಿದ ಹದಿನೈದನೆಯ ಹಾಳೆಯಲ್ಲಿ ನನ್ನ ಕಣ್ತಪ್ಪಿನಿಂದ ಇವು ಬಿಟ್ಟುಹೋಗಿವೆ. ಆದ್ದರಿಂದ ಕರಡು ಯೋಜನೆಯಲ್ಲಿ ಈ ಜಾಗವನ್ನು ಖಾಲಿ ಎಂದು ತಿಳಿದು ಲಾರಿ ನಿಲ್ದಾಣಕ್ಕೆ ಗುರುತಿಸಲಾಗಿದೆ. ದಯವಿಟ್ಟು ಸರಿಪಡಿಸಬೇಕು."

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಳು.

ಯೋಜನೆ ಎಂದರೆ ಮುಂದಿನ ಇಪ್ಪತ್ತು ವರ್ಷ ಊರಿನ ಯಾವ ಜಾಗದಲ್ಲಿ ಏನಿರಬೇಕು ಎಂದು ಹೇಳುವ ನಕ್ಷೆ. ಅದನ್ನು ಮಾಡುವ ಮೊದಲು ಈಗ ಎಲ್ಲಿ ಏನಿದೆ ಎಂದು ತಿಳಿಯಬೇಕು. ಅಕ್ಕ ಮತ್ತು ತಮ್ಮ ಊರನ್ನು ಮೂವತ್ತು ಹಾಳೆಗಳಾಗಿ ಹಂಚಿಕೊಂಡು, ಎರಡು ವರ್ಷ ಬೀದಿ ಬೀದಿ ಅಲೆದು ಬಣ್ಣ ತುಂಬಿದ್ದರು. ವಾಸದ ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಖಾಲಿ ಜಾಗಕ್ಕೆ ಬಣ್ಣವಿಲ್ಲ, ಬಿಳಿಯಾಗಿಯೇ ಬಿಡುವುದು. ಎರಡು ಹಾಳೆಗಳು ಕೂಡುವ ಕಡೆ ಯಾರು ಬಣ್ಣ ತುಂಬಬೇಕು ಎಂಬ ಜಗಳ ಬರಬಾರದೆಂದು ಅವರಿಗೆ ಕೆಲಸ ಕಲಿಸಿದ ಹಿರಿಯರು ಒಂದು ಕಟ್ಟಳೆ ಮಾಡಿದ್ದರು: ಅಂಚಿನ ಪಟ್ಟಿ ಯಾವಾಗಲೂ ಸಣ್ಣ ಅಂಕಿಯ ಹಾಳೆಯವರದು.

ಗಿರಣಿಯ ಹಿಂದಿನ ಓಣಿ ಹದಿನಾಲ್ಕು ಮತ್ತು ಹದಿನೈದನೆಯ ಹಾಳೆಗಳ ನಡುವಿನ ಅಂಚು. ಹದಿನಾಲ್ಕು ಅಕ್ಕನದು.

ಅದು ಹೇಗಾಯಿತೆಂದೂ ಅವಳಿಗೆ ಅಲ್ಲೇ ಹೊಳೆಯಿತು. ಆ ಕೆಲಸ ಶುರುವಾದ ವರ್ಷ ಅವಳ ದೊಡ್ಡ ಮೇಜನ್ನು ಕಂಪ್ಯೂಟರಿಗೆಂದು ಎತ್ತಿಕೊಂಡು ಹೋಗಿ, ಗಿಡ್ಡ ಮೇಜೊಂದನ್ನು ಕೊಟ್ಟಿದ್ದರು. ಹಾಳೆ ಅದರ ಮೇಲೆ ಹಿಡಿಸುತ್ತಿರಲಿಲ್ಲ. ಅಂಚನ್ನು ಕೆಳಕ್ಕೆ ಮಡಿಚಿಕೊಂಡು ಬಣ್ಣ ತುಂಬುವಳು, ಆಮೇಲೆ ಬಿಚ್ಚಿ ಉಳಿದದ್ದನ್ನು ತುಂಬುವಳು. ಹದಿನಾಲ್ಕನೆಯದನ್ನು ಬಿಚ್ಚಲು ಮರೆತಿದ್ದಳು. "ಅಕ್ಕಾ, ನಕ್ಷೇನ ಸೀರೆ ಥರ ಮಡಿಸ್ತೀಯಲ್ಲ, ಒಂದಿನ ಊರೇ ನೆರಿಗೆಯೊಳಗೆ ಸೇರಿಹೋಗುತ್ತೆ" ಎಂದು ತಮ್ಮ ಛೇಡಿಸುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಅವಳ ನಿವೃತ್ತಿಗೆ ಎರಡು ತಿಂಗಳೂ ಇಲ್ಲವೆಂಬುದೂ ಗೊತ್ತಿತ್ತು.

"ಅದೇ ಕಾಗದಾನಾ?" ತಮ್ಮನ ಹೆಂಡತಿ ಪಕ್ಕದಲ್ಲಿ ಬಂದು ಕುಳಿತಳು. "ನಿನ್ನೆ ಪ್ಯಾಂಟು ಹೊಲಿಸೋಕೆ ಅಂತ ಆ ಓಣಿಗೆ ಹೋಗಿದ್ರು. ಬಂದೋರು ಊಟಾನೇ ಸರಿಯಾಗಿ ಮಾಡ್ಲಿಲ್ಲ. ಬೆಳಗ್ಗೆ ಹೊರಡುವಾಗಲೂ ಇವತ್ತೇ ಕೊನೇ ದಿನ, ಇವತ್ತೇ ಕೊನೇ ದಿನ ಅಂತಿದ್ರು. ಹೋಗಿ ಕೊಟ್ಟು ಬನ್ನಿ ಅಕ್ಕಾ. ಇಲ್ಲಿ ಕಾಗದಪತ್ರ ಮುಗಿಯೋಕೆ ಇನ್ನೂ ಹೊತ್ತಾಗುತ್ತಂತೆ."

ಅರವತ್ತು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ನಕ್ಷೆಯ ಒಂದು ಗೆರೆಯೂ ಅಲುಗುವುದಿಲ್ಲ. ಗಡುವು ಅಂದು ಸಂಜೆ ಐದೂವರೆ. ಅಕ್ಕ ಕಚೇರಿಯ ಮೆಟ್ಟಿಲು ಹತ್ತಿದಾಗ ನಾಲ್ಕು ಕಳೆದಿತ್ತು. ಅಂಗಡಿಯವರು ಬಂದು ತಮ್ಮ ಜಾಗದ ಬಣ್ಣ ನೋಡಿ ಹೋಗುತ್ತಿದ್ದರು, ಆದರೆ ಓಣಿಯವರು ಯಾರೂ ಆ ಹಲಗೆಯ ಮುಂದೆ ನಿಂತದ್ದನ್ನು ಅವಳು ಕಂಡಿರಲಿಲ್ಲ. ನಕ್ಷೆಯ ಕೆಳಗಿನ ನೆರಳಿನಲ್ಲಿ ಒಂದು ನಾಯಿ ದಿನವೂ ಮಲಗುತ್ತಿತ್ತು.

ಟಪಾಲು ಕಿಟಕಿಯ ಗುಮಾಸ್ತನಿಗೆ ಮೊಹರಪ್ಪ ಎಂದು ಹೆಸರು ಬಿದ್ದಿತ್ತು. ಕೈಗೆ ಸಿಕ್ಕಿದ್ದಕ್ಕೆಲ್ಲ ಮೊಹರು ಒತ್ತುವ ಆಸಾಮಿ. ಅವಳನ್ನು ಕಂಡು ಅವನು ಎದ್ದು ನಿಂತ. "ಅಕ್ಕಾ, ಇವತ್ತು ಯಾಕೆ ಬಂದ್ರಿ? ಸುದ್ದಿ ಕೇಳಿ ನಮಗೇ ಕೈಕಾಲು ಆಡ್ತಿಲ್ಲ."

"ಇದಕ್ಕೆ ಮೊಹರು ಹಾಕಪ್ಪ."

ಅವನು ಓದಿದ. ಅವನ ಕೈ ಮೊದಲ ಬಾರಿಗೆ ಮೊಹರಿನ ಮೇಲೆ ಹೋಗಲಿಲ್ಲ. "ತಮ್ಮಣ್ಣ ಸಹಿ ಹಾಕಿಲ್ಲವಲ್ಲಕ್ಕ. ಹಾಕಿದ್ರೂ ಈಗ… ಹೇಗೆ ತಗೊಳ್ಳೋದು? ಆಕ್ಷೇಪಣೆ ಮಾಡಿದೋರು ವಿಚಾರಣೆಗೆ ಬರಬೇಕು ತಾನೇ?"

ಅಷ್ಟರಲ್ಲಿ ಯೋಜನಾಧಿಕಾರಿ ಹೊರಗೆ ಬಂದ. ವಯಸ್ಸಿನಲ್ಲಿ ಅವಳ ಮಗನಂತಿದ್ದವನು, ಒಳ್ಳೆಯವನೇ. ಅವಳನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಕಾಗದವನ್ನು ನಿಧಾನವಾಗಿ ಓದಿದ.

"ನೀವೂ ಈ ಊರಿನವರೇ ಅಲ್ವಾ ಅಕ್ಕಾ. ನಿಮ್ಮ ಹೆಸರಲ್ಲಿ ಎರಡು ಸಾಲು ಬರೆದುಕೊಡಿ. ಇದನ್ನ ಜೊತೆಗೆ ಲಗತ್ತಿಸಿ."

"ಹದಿನಾಲ್ಕನೇ ಹಾಳೆ ನಂದು. ಅಂಚು ನಂದು."

ಅಧಿಕಾರಿ ಬಾಗಿಲ ಕಡೆ ನೋಡಿದ. "ನನಗೆ ಕೇಳಿಸ್ಲಿಲ್ಲ. ಅವರೇ ನನ್ನ ತಪ್ಪು ಅಂತ ಬರೆದಿಟ್ಟಿದ್ದಾರೆ. ಹೋದವರಿಗೆ ಯಾರೂ ನೋಟಿಸ್ ಕೊಡಲ್ಲ. ಮನೆಗಳು ಉಳೀತವೆ, ನೀವೂ ನೆಮ್ಮದಿಯಾಗಿ ಮನೆಗೆ ಹೋಗ್ತೀರಿ. ತಮ್ಮಣ್ಣನಿಗೆ ಬೇಕಾಗಿದ್ದೂ ಇದೇ ಅಲ್ವಾ?"

ಅಕ್ಕನಿಗೆ ವಾದ ಮಾಡುವ ತ್ರಾಣವಿರಲಿಲ್ಲ. ಆಸ್ಪತ್ರೆಯಲ್ಲಿ ತಮ್ಮ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದ. ಅವಳು ಎರಡು ಸಾಲು ಬರೆದಳು. "ಲಗತ್ತಿಸಿದ ಕಾಗದದಲ್ಲಿ ಕಾಣಿಸಿದ ಕಾರಣದಿಂದ" ಎಂದು ಸೇರಿಸಿ ಸಹಿ ಹಾಕಿದಳು. ಮೊಹರಪ್ಪ ಒಂದೇ ಬಾರಿ, ಮೆಲ್ಲಗೆ ಒತ್ತಿದ.

ಒಂದು ತಿಂಗಳ ನಂತರ ವಿಚಾರಣೆ ನಡೆಯಿತು. ನೂರಾ ಹನ್ನೆರಡು ಆಕ್ಷೇಪಣೆಗಳು, ಒಂದೇ ದಿನ. ಅಧ್ಯಕ್ಷರು, ಇಬ್ಬರು ಸದಸ್ಯರು, ತಿರುಗುವಾಗ ಕಿರ್ರೆನ್ನುವ ಫ್ಯಾನು. ನಮ್ಮ ಅಂಗಡಿಗೆ ನೀಲಿ ಯಾಕಿಲ್ಲ, ಪಕ್ಕದವನಿಗೆ ಯಾಕಿದೆ ಎಂದು ಬೆಳಗಿನಿಂದ ಅದೇ ರಾಗ. ಅಕ್ಕನ ಸರದಿ ಬಂದಾಗ ಸದಸ್ಯರೊಬ್ಬರು ಆಗಲೇ ಆಕಳಿಸುತ್ತಿದ್ದರು. ಓಣಿಯ ಒಂಬತ್ತು ಮನೆಗಳ ಪರವಾಗಿ ದರ್ಜಿಯಮ್ಮನೊಬ್ಬಳು ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದಳು.

ಅಧಿಕಾರಿ ಕಾಗದ ಓದಿದ. ಆಕಳಿಸಿದ ಸದಸ್ಯರಿಗೆ ಗೆಲುವು ಬಂತು. "ಒಂಬತ್ತು ಮನೆ ಕಾಣಿಸ್ಲಿಲ್ವಂತಾ? ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡು ಅಳೆದನೋ, ಇಲ್ಲ ಮನೇಲೇ ಕೂತು ಅಳೆದನೋ?"

ಕೋಣೆ ನಕ್ಕಿತು. ದಣಿದ ಕೋಣೆಗೆ ನಗಲು ಏನಾದರೂ ಬೇಕಿತ್ತು, ಅಷ್ಟೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದೇನಿರಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ದರ್ಜಿಯಮ್ಮ ಮಾತ್ರ ನಗಲಿಲ್ಲ. "ಸ್ವಾಮಿ, ಹಾಗನ್ನಬೇಡಿ. ನಾನೂ ಅಳತೇಲೇ ಅನ್ನ ಉಣ್ಣೋಳು. ಅವರು ನಮ್ಮ ಓಣೀನ ಹೆಜ್ಜೆ ಇಟ್ಟೇ ಅಳೆದು ಹೇಳಿಬಿಟ್ರು, ಆಮೇಲೆ ಟೇಪು ಹಿಡಿದ್ರೆ ಗೇಣೂ ವ್ಯತ್ಯಾಸ ಇರ್ಲಿಲ್ಲ. ಅಂಥೋರ ಕೈ ತಪ್ಪುತ್ತಾ?"

ಅಕ್ಕ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು.

"ತಪ್ಪಲಿಲ್ಲಮ್ಮ. ತಪ್ಪಿದ್ದು ನನ್ನ ಕೈ." ಅಧ್ಯಕ್ಷರ ಕಡೆ ತಿರುಗಿದಳು. "ಅಂಚು ಹದಿನಾಲ್ಕನೇ ಹಾಳೆಯದು ಸ್ವಾಮಿ. ಹಾಳೆ ಮಡಿಚಿಕೊಂಡು ಬಣ್ಣ ತುಂಬ್ತಿದ್ದೆ. ಬಿಚ್ಚೋಕೆ ಮರೆತೆ. ನನ್ನ ಮೇಲಿನ ಮಮತೆಗೆ ಅವನು ಹಾಗೆ ಬರೆದ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇದನ್ನ ನಡವಳಿಯಲ್ಲಿ ಹೀಗೇ ಬರೆಸಿ."

ಯೋಜನಾಧಿಕಾರಿ ಕಣ್ಣು ಮುಚ್ಚಿಕೊಂಡ. ನಗಿಸಿದ್ದ ಸದಸ್ಯರು ಲೋಟದ ನೀರು ಕುಡಿದರು. ಅಧ್ಯಕ್ಷರು ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಒಂಬತ್ತು ಮನೆ ಹಳದಿಗೆ ಸೇರಲಿ. ಲಾರಿ ನಿಲ್ದಾಣಕ್ಕೆ ಬೇರೆ ಜಾಗ ನೋಡಿ. ಉಳಿದದ್ದು…" ಎಂದು ಅಕ್ಕನ ಮುಖ ನೋಡಿದರು. "ಉಳಿದದ್ದು ನಿಯಮದಂತೆ ಆಗ್ಲಿ. ಮುಂದಿನೋರು ಯಾರು?"

ನಿಯಮದಂತೆ, ಕೆಲಸದಲ್ಲಿ ಲೋಪ ಯಾಕಾಯಿತೆಂದು ಕೇಳುವ ನೋಟಿಸು ಅಕ್ಕನಿಗೆ ಬಂತು. ಕೊಡುವಾಗ ಮೊಹರಪ್ಪ, "ಇದಕ್ಕೆ ಮೊಹರು ಒತ್ತೋವಾಗ ಕೈ ಬರ್ಲಿಲ್ಲಕ್ಕ" ಎಂದ. "ನೀನು ಒತ್ತದೆ ಬಿಟ್ಟಿದ್ದು ಏನಾದ್ರೂ ಉಂಟೇನೋ?" ಎಂದಳು ಅಕ್ಕ. ಇಬ್ಬರಿಗೂ ನಗು ಬಂದು, ಅರ್ಧಕ್ಕೇ ನಿಂತಿತು. ಇಲಾಖಾ ವಿಚಾರಣೆ ಬಾಕಿ ಇರುವವರಿಗೆ ಬೀಳ್ಕೊಡುಗೆ ಮಾಡುವ ಪದ್ಧತಿ ಇಲ್ಲವೆಂದು ಮಾಲೆಯೂ ಬರಲಿಲ್ಲ, ಭಾಷಣವೂ ಆಗಲಿಲ್ಲ. ಅವಳಿಗೆ ಅದೊಂದು ಬಿಡುಗಡೆಯೇ ಆಯಿತು.

ಪುರಸಭೆಯ ಸಭೆ ಯೋಜನೆಯನ್ನು ಅಂಗೀಕರಿಸಿದ್ದು ಅವಳ ಕೆಲಸದ ಕೊನೆಯ ದಿನ. ಆರು ವರ್ಷದ ಕೆಲಸಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. "ತಿದ್ದುಪಡಿಗಳೊಡನೆ ಒಪ್ಪಿಗೆಯೇ?" ಎಂದರು ಅಧ್ಯಕ್ಷರು. ಕೈಗಳು ಎದ್ದವು, ಇಳಿದವು. ಇನ್ನು ಅದು ಸರ್ಕಾರಕ್ಕೆ ಹೋಗಬೇಕು, ಅಲ್ಲಿ ಎಷ್ಟು ಕಾಲವೋ.

ಸಭೆ ಮುಗಿದ ಮೇಲೆ ಅಕ್ಕ ತಮ್ಮನ ಮೇಜಿಗೆ ಹೋದಳು. ಅದು ಉದ್ದನೆಯ ಮೇಜು, ಹಾಳೆ ಅದರ ಮೇಲೆ ಪೂರ್ತಿ ಹಿಡಿಸುತ್ತದೆ. ಆರು ವರ್ಷ ಅದು ಹತ್ತು ಹೆಜ್ಜೆ ದೂರದಲ್ಲೇ ಇತ್ತು. ಸ್ವಲ್ಪ ಹೊತ್ತು ಬಿಟ್ಟುಕೊಡೋ ಎಂದಿದ್ದರೆ ಕೂಡಲೇ ಕೊಡುತ್ತಿದ್ದ. ಅವಳು ಕೇಳಿರಲಿಲ್ಲ. ಹದಿನಾಲ್ಕನೆಯ ಹಾಳೆಯನ್ನು ಹಾಸಿ, ಮಡಿಕೆಯ ಗುರುತನ್ನು ಅಂಗೈಯಿಂದ ಒತ್ತಿ ಸರಿಮಾಡಿದಳು. ಅದು ಪೂರ್ತಿ ಹೋಗಲಿಲ್ಲ. ಡಬ್ಬಿ ತೆರೆದಾಗ ಅಂದು ಕೆತ್ತಿಟ್ಟ ಪೆನ್ಸಿಲು ಹಾಗೆಯೇ ಇತ್ತು. ಹಳದಿಯದೇ. ಒಂದೊಂದಾಗಿ ಒಂಬತ್ತು ಮನೆಗಳಿಗೆ ಬಣ್ಣ ತುಂಬಿದಳು. ಕೊನೆಯದು ದರ್ಜಿಯಮ್ಮನ ಮನೆ. ತಮ್ಮನ ಪ್ಯಾಂಟು ಇನ್ನೂ ಅಲ್ಲೇ ಇತ್ತು, ಯಾರೂ ತಂದಿರಲಿಲ್ಲ.

ಪೆನ್ಸಿಲನ್ನು ಕೆಳಗಿಟ್ಟು ಕೈ ಮುಗಿದಳು.

ದೇವರೇ, ಈ ಊರಿನ ಬೀದಿಗಳನ್ನೆಲ್ಲ ತುಳಿದು ಸವೆದ ಕಾಲು ಅವನದು. ಇನ್ನವನನ್ನು ನಡೆಸಬೇಡ. ನಿನ್ನಲ್ಲಿ ಒಂದು ನೆರಳಿನ ಜಾಗ ಕೊಟ್ಟು ಕೂರಿಸು. ನನ್ನ ತಪ್ಪನ್ನು ಹೊತ್ತುಕೊಂಡು ನಿನ್ನ ಬಾಗಿಲಿಗೆ ಬಂದಿದ್ದರೆ ಅದನ್ನು ಅವನ ಹೆಗಲಿಂದ ಇಳಿಸು ತಂದೆ, ಅದು ನನ್ನದು. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.