ಟಿಕೆಟ್ ಮಾಮನ ಮೊದಲ ಪ್ರಯಾಣ

"ಇನ್ನೊಂದು ಸುತ್ತು ಬಿಗಿ. ನಡುನೀರಲ್ಲಿ ಜಾರಿದ್ರೆ ಕಷ್ಟ," ಎಂದು ಲಾಂಚಿನವನು ಹೇಳಿದ. ಕ್ಷೌರದವನು ಮೊಣಕಾಲೂರಿ ಪೆಟ್ಟಿಗೆಯ ಸುತ್ತ ಹಗ್ಗವನ್ನು ಮತ್ತೊಮ್ಮೆ ಎಳೆದು ಗಂಟು ಹಾಕಿದ. ಹೊಲಿಗೆಯಕ್ಕ ಪೆಟ್ಟಿಗೆಯ ಮೇಲಿಟ್ಟ ಕೈಯನ್ನು ತೆಗೆಯದೆ, ಕೆಳಗೆ ನೋಡದೆ, ಅದರ ಜೊತೆಗೇ ಲಾಂಚಿಗೆ ಕಾಲಿಟ್ಟಿದ್ದಳು. ಒಳಗೆ ಮಲಗಿದ್ದವನು ಅವಳ ಗಂಡ. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತವನು ಹಾಗೇ ಗೋಡೆಗೆ ವಾಲಿದ್ದ.

ಅವರ ದ್ವೀಪ ಇಡಿಯಾಗಿ ಕಲ್ಲು. ಗುದ್ದಲಿ ಹಾಕಿದರೆ ಕಿಡಿ ಹಾರೀತೇ ಹೊರತು ಗುಳಿ ಬೀಳದು. ಅಲ್ಲಿ ಸತ್ತವರೆಲ್ಲ ಎದುರಿನ ದೊಡ್ಡ ದ್ವೀಪದ ಮಣ್ಣಿಗೇ ಹೋಗಬೇಕು. ಪೆಟ್ಟಿಗೆಯೊಳಗಿನ ಟಿಕೆಟ್ ಮಾಮನೂ ಹಾಗೇ ಹೊರಟಿದ್ದ. ಲಾಂಚು ನಿಲ್ಲುವ ಕಟ್ಟೆಯ ಮೇಲಿನ ಗೂಡಿನಲ್ಲಿ ಕೂತು ಜೀವಮಾನವಿಡೀ ಲಾಂಚಿನ ಟಿಕೆಟ್ ಕೊಟ್ಟವನಿಗೆ ಊರು ಇಟ್ಟಿದ್ದ ಹೆಸರದು.

ಇಂಜಿನ್ನು ಗುಡುಗಿದಾಗ ಕ್ಷೌರದವನಿಗೆ ಮೌನ ತಡೆಯಲಾಗಲಿಲ್ಲ. "ಊರಿಗೆಲ್ಲ ಟಿಕೆಟ್ ಹರಿದು ಕೊಟ್ಟ ಮನುಷ್ಯ. ತಾನು ಹತ್ತೋಕೆ ಇಷ್ಟು ವರ್ಷ ಬೇಕಾಯ್ತು," ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡ.

"ಕಟ್ಟಿ ಹಾಕಿದ್ದಕ್ಕೆ ಬಂದ್ರು. ಇಲ್ದಿದ್ರೆ ಈಗ್ಲೂ ಬರ್ತಿರ್ಲಿಲ್ಲ," ಎಂದಳು ಹೊಲಿಗೆಯಕ್ಕ.

ಅವಳ ಬಾಯಿಂದ ಬಂದ ಮಾತಾದ್ದರಿಂದ ಎಲ್ಲರೂ ಧೈರ್ಯವಾಗಿ ಸ್ವಲ್ಪ ನಕ್ಕರು.

*

ಟಿಕೆಟ್ ಮಾಮ ಹುಡುಗನಾಗಿದ್ದಾಗ ದೋಣಿ ಮಗುಚಿ ಅವನಣ್ಣ ಕಣ್ಣೆದುರೇ ಮುಳುಗಿದ್ದ. ಅಂದಿನಿಂದ ಅವನು ನೀರಿಗೆ ಕಾಲಿಟ್ಟವನಲ್ಲ. ಮದುವೆಗೂ ಹೆಣ್ಣಿನ ಕಡೆಯವರೇ ದೊಡ್ಡ ದ್ವೀಪದಿಂದ ಲಾಂಚು ಹತ್ತಿ ಬಂದರು. ಅವಳಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಒಳ್ಳೆಯವನು, ಕುಡಿತವಿಲ್ಲ, ಕೈ ಎತ್ತುವವನಲ್ಲ. ಒಂದು ಹೆದರಿಕೆ ತಾನೇ, ಬರಬರುತ್ತಾ ಹೋಗುತ್ತದೆ ಎಂದುಕೊಂಡಿದ್ದಳು.

ರಜೆ ಬಂದರೆ ಅವನು ಅವಳನ್ನು ತಪ್ಪದೆ ತಿರುಗಾಡಿಸುತ್ತಿದ್ದ. ದೀಪಸ್ತಂಭದವರೆಗೆ, ಕಲ್ಲುಗಣಿಯ ಹಿಂದಿನ ಗುಡ್ಡದವರೆಗೆ, ಬುತ್ತಿ ಕಟ್ಟಿಕೊಂಡು, ಕೊಡೆ ಹಿಡಿದು. ಸಮುದ್ರದ ಮಗ್ಗುಲಲ್ಲಿ ತಾನು ನಡೆದು ಅವಳನ್ನು ಒಳಮಗ್ಗುಲಿಗೆ ಬಿಡುತ್ತಿದ್ದ. ಬುತ್ತಿ ಬಿಚ್ಚುವಾಗ ಮೊದಲ ತುತ್ತು ಅವಳಿಗೇ. ಆದರೆ ಒಂದು ಸುತ್ತು ಹಾಕಿದರೆ ಮುಗಿದುಹೋಗುವ ಊರು. ಎತ್ತ ಹೊರಟರೂ ದಾರಿ ಬಂದು ಮನೆಬಾಗಿಲಿಗೇ ನಿಲ್ಲುತ್ತಿತ್ತು. "ಗಾಣದೆತ್ತಿಗಾದ್ರೂ ಕಣ್ಣಿಗೆ ಬಟ್ಟೆ ಕಟ್ತಾರೆ," ಎಂದು ಅವಳು ಒಮ್ಮೆ ನಗುತ್ತ ಹೇಳಿದ್ದಳು. ಅವನೂ ನಕ್ಕಿದ್ದ.

ಅಕ್ಕನ ಮಗಳ ಮದುವೆಗೆ ಅವಳು ಒಬ್ಬಳೇ ಹೋದಳು. ಹೋಗಿ ಬಾ ಎಂದು ಅವನೇ ಟಿಕೆಟ್ ಹರಿದು ಕೊಟ್ಟ. ಸಂಜೆಯ ಲಾಂಚು ಇಂಜಿನ್ನು ಕೆಟ್ಟು ತಡವಾಗಿ ಬಂದಾಗ ಅವನು ಕಟ್ಟೆಯ ಮೇಲೆ ನಿಂತಿದ್ದ. ಬೆಳಗಿನಿಂದಲೂ ಅಲ್ಲೇ ನಿಂತಿದ್ದನಂತೆ. ಗೂಡಿನ ಬಾಗಿಲು ಹಾರುಹೊಡೆದಿತ್ತು. ಅಂದು ಜನ ಟಿಕೆಟ್ಟಿಲ್ಲದೆ ಓಡಾಡಿದ್ದರು. ಮನೆಗೆ ಬಂದವನು ಜ್ವರದಲ್ಲಿ ಮಲಗಿದ.

"ಏನೂ ಇಲ್ಲ ಕಣೇ, ಬಿಸಿಲು," ಎಂದ.

ಬೇಡ ಎಂದು ಅವನು ಯಾವತ್ತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳೇ ಹೋಗುವುದನ್ನು ಬಿಟ್ಟಳು. ಹೊಲಿಗೆ ಮುಗಿದಿಲ್ಲ, ತಲೆನೋವು, ಮುಂದಿನ ವಾರ ಎನ್ನುತ್ತಾ ವರ್ಷಗಳು ಸರಿದವು. ಅಮ್ಮ ತೀರಿಕೊಂಡ ಸುದ್ದಿ ಬಂದಾಗ, ಗಾಳಿ ಜೋರಾಗಿದೆ, ಲಾಂಚು ಬಿಡುವುದಿಲ್ಲ ಎಂದು ಹೇಳಿ ಕಳಿಸಿದಳು. ಅಂದು ಸಮುದ್ರ ಕನ್ನಡಿಯ ಹಾಗಿತ್ತು.

*

ಮಣ್ಣು ಹಾಕಿ ಮುಗಿದ ಮೇಲೆ ಜನ ಒಬ್ಬೊಬ್ಬರೇ ಬಂದು ಅವಳ ಕೈ ಹಿಡಿದು ಹೋದರು. ಟಿಕೆಟ್ ಮಾಮ ಚಿಲ್ಲರೆ ಇಲ್ಲದವರನ್ನೂ ಬಿಡುತ್ತಿದ್ದ, ಬಸುರಿಯರಿಗೆ ಒಳಗಿನ ಬೆಂಚನ್ನೇ ಕೊಡಿಸುತ್ತಿದ್ದ, ಮೋಡ ಕವಿದರೆ ಹೋಗಬೇಡಿ ಎಂದು ಗೋಗರೆಯುತ್ತಿದ್ದ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಯಾವುದೂ ಸುಳ್ಳಲ್ಲ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು.

ದೊಡ್ಡ ದ್ವೀಪದಲ್ಲೇ ಇದ್ದ ಒಡಹುಟ್ಟಿದ ಅಕ್ಕ ಅವಳನ್ನು ಗೇಟಿನ ಬಳಿಯ ಕಲ್ಲುಬೆಂಚಿಗೆ ಕರೆದೊಯ್ದು ಪಕ್ಕದಲ್ಲೇ ಕೂತಳು. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ನಕ್ಕಾಗ ಕಾಣುತ್ತಿದ್ದ ಕೋರೆಹಲ್ಲು ಉದುರಿತ್ತು. ಇದೆಲ್ಲ ಯಾವಾಗ ಆಯಿತೋ ತಂಗಿಗೆ ಗೊತ್ತಿರಲಿಲ್ಲ.

"ಅಮ್ಮ ಹೋದ ದಿನ ಅವ್ರು ನಿನ್ನ ಬಿಡ್ಲಿಲ್ಲ ಅಲ್ವಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಬಿಡ್ಲಿಲ್ಲ ಅಂತಲ್ಲ, ಅಕ್ಕ."

"ಮತ್ತೆ?"

ಹೊಲಿಗೆಯಕ್ಕ ಸೆರಗಿಗೆ ಅಂಟಿದ್ದ ಮಣ್ಣನ್ನು ಕೊಡವಿದಳು. ಅಕ್ಕ ಒತ್ತಾಯಿಸಲಿಲ್ಲ. ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಇದೆ, ಹೊಲಿಗೆ ಯಂತ್ರವನ್ನು ಆಮೇಲೆ ತರಿಸೋಣ, ಇನ್ನು ಅಲ್ಲಿ ನಿನಗೆ ಯಾರಿದ್ದಾರೆ ಎಂದಳು. ಇವಳಿಗೆ ತನ್ನ ಮನೆಯಲ್ಲಿ ಮಾಡುವುದು ಬೇಕಾದಷ್ಟಿತ್ತು: ಒಪ್ಪಿಕೊಂಡ ಬಟ್ಟೆಗಳಿದ್ದವು, ತೊಳೆಯದೆ ಬಿಟ್ಟ ಅವನ ತಟ್ಟೆಯಿತ್ತು. ಇಲ್ಲ, ಇವತ್ತು ಹೋಗುತ್ತೇನೆ, ಆಮೇಲೆ ನೋಡೋಣ ಎಂದು ಎದ್ದಳು.

ಕಟ್ಟೆಯಲ್ಲಿ ಉಳಿದವರೆಲ್ಲ ಹತ್ತಿ ಕೂತಿದ್ದರು. ಲಾಂಚಿನವನು ಕೈ ಚಾಚಿ ನಿಂತಿದ್ದ. ಅವಳು ಸೆರಗು ಸಿಕ್ಕಿಸಿಕೊಂಡು ಕಾಲೆತ್ತಿದಳು. ಕಟ್ಟೆಗೂ ಲಾಂಚಿಗೂ ನಡುವೆ ಗೇಣಗಲ ಕಪ್ಪು ನೀರು. ಬರುವಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹತ್ತಿದವಳು ಅದನ್ನು ನೋಡಿರಲೇ ಇಲ್ಲ. ಲಾಂಚು ಓಲಾಡಿದಂತೆ ಆ ಸಂದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಎತ್ತಿದ ಕಾಲು ತಾನಾಗಿ ಹಿಂದಕ್ಕೆ ಬಂತು. ಮತ್ತೊಮ್ಮೆ ಎತ್ತಿದಳು. ಅದು ಮತ್ತೆ ಕಟ್ಟೆಯ ಕಲ್ಲಿನ ಮೇಲೇ ಇಳಿಯಿತು.

"ಬನ್ನಿ ಹೊಲಿಗೆಯಕ್ಕ, ಹಿಡ್ಕೋತೀನಿ," ಎಂದ ಲಾಂಚಿನವನು.

"ನೀವು ಹೋಗಿ," ಎಂದಳು ಅವಳು.

ಲಾಂಚಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಒಳ್ಳೆಯ ತೀರ್ಮಾನ, ಒಡಹುಟ್ಟಿದವರ ಜೊತೆ ಇರುವುದೇ ಸರಿ ಎಂದು ಕ್ಷೌರದವನು ಹೇಳಿದ. ಕಳಿಸಲು ಬಂದಿದ್ದ ಅಕ್ಕನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಕೊನೆಗೂ ಮನಸ್ಸು ಮಾಡಿದೆಯಲ್ಲ ಎಂದು ತಂಗಿಯ ತಲೆ ಸವರಿದಳು. ತಂಗಿ ಕಟ್ಟೆಯ ಅಂಚಿನಲ್ಲೇ ಕುಸಿದು ಕೂತಿದ್ದಳು.

ಲಾಂಚು ಹಗ್ಗ ಬಿಚ್ಚಿಕೊಂಡು ತಿರುಗಿತು. ಅದು ಎಬ್ಬಿಸಿದ ಅಲೆಗಳು ಕಟ್ಟೆಗೆ ಬಡಿದು, ಸಣ್ಣದಾಗಿ, ನಿಂತವು.

"ಏಳೇ, ಮನೆಗೆ ಹೋಗೋಣ," ಎಂದು ಅಕ್ಕ ರಟ್ಟೆ ಹಿಡಿದು ಎಳೆದಳು.

ಹೊಲಿಗೆಯಕ್ಕ ಏಳಲಿಲ್ಲ. ಕಟ್ಟೆಯ ಕಲ್ಲಿನಲ್ಲಿ ಹೂತಿದ್ದ, ದೋಣಿ ಕಟ್ಟುವ ಕಬ್ಬಿಣದ ಬಳೆಯನ್ನು ಅವಳ ಎರಡೂ ಕೈಗಳು ಹಿಡಿದಿದ್ದವು. ಬೆರಳುಗಳು ಬಿಳಿಚಿಕೊಂಡಿದ್ದವು. ಅಕ್ಕ ಪಕ್ಕದಲ್ಲಿ ಕೂತು ಅವನ್ನು ಒಂದೊಂದಾಗಿ ಬಿಡಿಸತೊಡಗಿದಳು.