ಅಟ್ಟದ ಮೇಲಿನ ಇಪ್ಪತ್ತನೆಯವಳು

ಬಿಳಿಗೆರೆಯ ಗಂಗಲಕ್ಷ್ಮಿ ಆ ವರ್ಷ ಆಷಾಢದಲ್ಲಿ ಅಟ್ಟಕ್ಕೆ ಹೊಗೆ ಹಾಕಿಸಲಿಲ್ಲ. ಕೊಬ್ಬರಿಗೆಂದು ಏರಿಸಿದ ಕಾಯಿಗೆ ಥಂಡಿ ಹತ್ತಿದರೆ ಒಳಗೇ ಕೊಳೆಯುತ್ತದೆಂಬುದು ತಿಪಟೂರು ಸೀಮೆಯ ಕೂಸಿಗೂ ಗೊತ್ತು. ಗಂಗಲಕ್ಷ್ಮಿಗೆ ಗೊತ್ತಿರಲಿಲ್ಲವೇ? ಕೊಳೆತರೆ ಕೊಳೆಯಲಿ ಎಂದು ಬಿಟ್ಟಳು. ಮೇಲೆ ಒಂದು ಕಾಯಿ ತಾನಾಗಿ ಉರುಳಿದರೂ ಅವಳು ಏಣಿಯ ಬುಡಕ್ಕೆ ಓಡುತ್ತಿದ್ದಳು. ಗೆಳತಿ ಹುಚ್ಚಕ್ಕ ಇನ್ನೂ ಅಲ್ಲೇ ಇದ್ದಾಳೆ, ಕೆಳಗಿಳಿಯಲು ತನ್ನ ಮಾತಿಗೆ ಕಾಯುತ್ತಿದ್ದಾಳೆ ಎಂದು ನಂಬಿದ್ದಳು. ಇದನ್ನು ಭ್ರಮೆ ಎನ್ನುವವರು ಅನ್ನಲಿ. ಅವಳು ಮಾಡಿದ್ದಂತೂ ಭ್ರಮೆಯಲ್ಲ.

ಮನೆಯ ಪಡಸಾಲೆಗೆ ಹೊಂದಿಕೊಂಡಂತೆ ತಗಡು ಹೊದಿಸಿ ಅವಳು ಕಾಯಿಪುಡಿ ಫ್ಯಾಕ್ಟರಿ ಶುರುಮಾಡಿದ್ದು ತೊಂಬತ್ತಾರರಲ್ಲಿ. ಗಂಡನಿಗೆ ತೋಟವೇ ಸಾಕಾಗಿತ್ತು, ಅವನು ಇದಕ್ಕೆ ತಲೆ ಹಾಕಲಿಲ್ಲ. ಕರಟ ಬಿಡಿಸಿ ಕಂದು ಸಿಪ್ಪೆ ಹೆರೆಯಲು ಇಪ್ಪತ್ತು ಹೆಂಗಸರು. ಹೊಸ ಕಾರ್ಖಾನೆಯಾದರೆ ಮೂರು ವರ್ಷ ಪಿ.ಎಫ್. ಕಟ್ಟಬೇಕಿಲ್ಲ, ಅಷ್ಟರಲ್ಲಿ ಕಾಲೂರಬಹುದು ಎಂದು ಲೆಕ್ಕ ಬರೆಯುವ ರೇಣುಕಪ್ರಸಾದ್ ಧೈರ್ಯ ಹೇಳಿದ್ದ. ಮರುವರ್ಷ ಅವನೇ ಮುಖ ಸಪ್ಪೆ ಮಾಡಿಕೊಂಡು ಬಂದ. ಆ ರಿಯಾಯಿತಿ ತೆಗೆದುಹಾಕಿದ್ದಾರೆ, ಇಪ್ಪತ್ತು ಜನ ಇದ್ದರೆ ಇನ್ನು ಕಟ್ಟಲೇಬೇಕು, ಹತ್ತೊಂಬತ್ತಾದರೆ ತಂಟೆಯಿಲ್ಲ ಎಂದ. ಡೆಲ್ಲಿಯಲ್ಲಿ ಯಾರೋ ಒಂದು ಸಾಲು ಹೊಡೆದುಹಾಕಿದರು. ಅದಕ್ಕೆ ಬಿಳಿಗೆರೆಯಲ್ಲಿ ಒಬ್ಬಳ ಅನ್ನ ಹೋಗುವ ಹಾಗಾಯಿತು.

ಯಾರನ್ನು ಬಿಡಿಸುವುದು? ಗಂಗಲಕ್ಷ್ಮಿ ಎರಡು ದಿನ ಊಟ ಬಿಟ್ಟಳು. ಕೊನೆಗೆ ಹುಚ್ಚಕ್ಕನೇ ದಾರಿ ತೋರಿಸಿದಳು. ಇಬ್ಬರೂ ಲಂಗ ಹಾಕುವ ಕಾಲದಿಂದ ಜೊತೆಯವರು, ಗೆಣೆಕಾತಿಯರು.

"ಯಾರ್ನೂ ಬುಡಿಸ್ಬ್ಯಾಡ ಗಂಗವ್ವ. ಪಿ.ಎಫ್.ನೋರ ಜೀಪು ಬಂದಾಗ ನಾನು ಅಟ್ಟ ಹತ್ಕಂತೀನಿ. ಕಾಯಿ ಜೊತೆ ಇನ್ನೊಂದು ಕಾಯಿ ಅಂದ್ಕ, ಬುಡು."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಎರಡು ಸಲ ಜೀಪು ಬಂತು, ಎರಡು ಸಲವೂ ಹುಚ್ಚಕ್ಕ ಏಣಿ ಹತ್ತಿದಳು. ಇಳಿದು ಬಂದು, ತಲೆಗೆ ಮೆತ್ತಿದ ಜೇಡರಬಲೆ ಒರೆಸಿಕೊಳ್ಳುತ್ತ ಇನ್ಸ್‌ಪೆಕ್ಟರರ ನಡಿಗೆಯನ್ನು ಅಣಕಿಸಿ ತೋರಿಸಿದಳು.

ಮೂರನೆಯ ಸಲ ಜೀಪು ಬಂದದ್ದು, ಅವಳು ಹೊಗೆ ನಿಲ್ಲಿಸಿದ್ದಕ್ಕೆ ಹಿಂದಿನ ವರ್ಷದ ಆಷಾಢದಲ್ಲಿ. ಆ ಕಡೆಯ ಮನೆಗಳಲ್ಲಿ ಒಂದು ರೂಢಿ. ಅಟ್ಟದ ಕೆಳಗಿನ ಕೋಣೆಯಲ್ಲಿ ಕಾಯಿಮಟ್ಟೆಗೆ ಬೆಂಕಿ ಇಡುವವನು ಮೊದಲು ಮೇಲಕ್ಕೆ ಕೂಗಬೇಕು. ಕಾಯಿ ತಿರುವುತ್ತ ಯಾರಾದರೂ ಕೂತಿರಬಹುದು. ಮೇಲಿಂದ ದನಿ ಬರದಿದ್ದರೂ ಮನೆಯೊಡತಿ ಹೂಂ ಅನ್ನುವವರೆಗೆ ಕಡ್ಡಿ ಗೀರುವಂತಿಲ್ಲ. ಅವತ್ತು ಇನ್ಸ್‌ಪೆಕ್ಟರು ಪಡಸಾಲೆಯಲ್ಲಿ, ಏಣಿಗೆ ಎದುರಾಗಿಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತೋಟದ ಆಳು ಬೋರಯ್ಯನಿಗೆ ಫ್ಯಾಕ್ಟರಿಯ ಈ ಕಣ್ಣಾಮುಚ್ಚಾಲೆ ಒಂದೂ ತಿಳಿಯದು. ಮಟ್ಟೆ ಹೊತ್ತು ತಂದವನು ರೂಢಿಯಂತೆ ಕೂಗಿದ.

"ಅಟ್ಟದ ಮ್ಯಾಲೆ ಯಾರಿದ್ದೀರಪ್ಪೋ? ಹೊಗೆ ಇಕ್ತೀನಿ!"

ಮೇಲಿಂದ ಸದ್ದಿಲ್ಲ. ಬೋರಯ್ಯ ಬಾಗಿಲಲ್ಲಿ ತಲೆ ಹಾಕಿದ. "ಯಾರಾನ ಅವ್ರಾ ಅವ್ವ?"

ಇನ್ಸ್‌ಪೆಕ್ಟರೂ ಅವಳ ಮುಖವನ್ನೇ ನೋಡಿದರು.

"ಯಾರೂ ಇಲ್ಲ ಕಣಪ್ಪ, ಹಚ್ಚು" ಎಂದಳು ಗಂಗಲಕ್ಷ್ಮಿ.

ಈಗ ಎದ್ದು ಹೋಗುತ್ತಾರೆ, ಹೊಗೆ ಅಟ್ಟಕ್ಕೆ ಏರುವಷ್ಟರಲ್ಲಿ ಇಳಿಸಿಕೊಂಡರಾಯಿತು ಎಂದುಕೊಂಡಿದ್ದಳು. ಆದರೆ ಮಳೆ ಹಿಡಿಯಿತು. ಇನ್ಸ್‌ಪೆಕ್ಟರು ಕಾಫಿ ಕುಡಿದರು, ಕೊಬ್ಬರಿ ಧಾರಣೆ ಕೇಳಿದರು, ಮಳೆ ಬಿಡಲಿ ಎಂದು ಕಾಲು ಚಾಚಿದರು. ಮೇಲೆ ಒಂದು ಕಾಯಿ ಉರುಳಿತು. "ಇಲಿ ಕಾಟ ಸಾರ್" ಎಂದಳು. ಒಂದು ಮಾತು ಸಾಕಿತ್ತು. ಜೀಪು ಹೊರಟ ಮೇಲೆ ಅವಳು ಏಣಿ ಹತ್ತಿದಾಗ ಹುಚ್ಚಕ್ಕ ಕಾಯಿರಾಶಿಗೆ ಒರಗಿದ್ದಳು. ಕೆಮ್ಮು ಕೇಳಿಸಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಉಸಿರಿರಲಿಲ್ಲ.

ಪೊಲೀಸರು ಬರುವ ಮೊದಲೇ ಗಂಗಲಕ್ಷ್ಮಿ ಎಲ್ಲರಿಗೂ ಮಾತು ಹೇಳಿಕೊಟ್ಟಳು: ಹುಚ್ಚಕ್ಕ ಇಲ್ಲಿ ಕೆಲಸಕ್ಕಿರಲಿಲ್ಲ, ಗೆಣೆಕಾತಿ ಮನೆಯೆಂದು ಬಂದಿದ್ದಳು, ಕಾಯಿ ತಿರುವಲು ತಾನಾಗಿ ಹತ್ತಿದಳು. ಫ್ಯಾಕ್ಟರಿ ಮುಚ್ಚಿದರೆ ಎಲ್ಲರ ಒಲೆಯೂ ಆರುತ್ತದೆ ಎಂದಳು. ಹೆಂಗಸರು ಹಾಗೆಯೇ ಹೇಳಿದರು. ಹುಚ್ಚಕ್ಕನ ಗಂಡ ದುರ್ಗಯ್ಯನೂ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೌದೆಂದು ತಲೆಯಾಡಿಸಿದ. ಹುಚ್ಚಕ್ಕ ಲೆಕ್ಕದಲ್ಲಿದ್ದಿದ್ದರೆ ಅವನ ಮನೆಗೆ ಪಿಂಚಣಿ ಬರುತ್ತಿತ್ತೆಂದು ರೇಣುಕಪ್ರಸಾದ್ ಆಮೇಲೊಮ್ಮೆ ಬಾಯಿತಪ್ಪಿ ಅಂದ. ಈಗ ನಿಜ ಹೇಳಿದರೆ ಫ್ಯಾಕ್ಟರಿಯೂ ಹೋಗುತ್ತದೆ, ಕೇಸೂ ಬೀಳುತ್ತದೆ ಎಂದು ಅವನೇ ಸೇರಿಸಿದ.

ಮನಸ್ಸು ತಡೆಯದೆ ಅವಳು ಹುಚ್ಚಕ್ಕನ ಮಗಳು ಪವಿತ್ರಳನ್ನು ಕೆಲಸಕ್ಕೆ ಕರೆದಳು. ಅದೂ ಒಂದು ಶಿಕ್ಷೆಯೇ ಆಯಿತು. ತಾಯಿ ಕೂರುತ್ತಿದ್ದ ಜಾಗವನ್ನು ಉಳಿದವರು ಖಾಲಿ ಬಿಟ್ಟಿದ್ದರು, ಹುಡುಗಿ ಹೋಗಿ ಅಲ್ಲಿಯೇ ಕೂತಳು. ಕಾಯಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಸಿಪ್ಪೆಯನ್ನು ಉದ್ದಕ್ಕೆ ತೆಗೆಯುವುದೂ ಹಾಗೆಯೇ, ಬಗ್ಗಿದ ಕತ್ತೂ ಹಾಗೆಯೇ. ಹಿಂದಿನಿಂದ ನೋಡಿದಾಗೆಲ್ಲ ಗಂಗಲಕ್ಷ್ಮಿ "ಹುಚ್ಚಕ್ಕ" ಎಂದು ಕರೆಯಲು ಬಾಯಿ ತೆರೆದು, ಸೆರಗಿನಿಂದ ಅದನ್ನು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಮರುವರ್ಷ ಶ್ರಾವಣ ಹುಟ್ಟುವ ಮೊದಲು ಮತ್ತೆ ಜೀಪಿನ ಸದ್ದಾಯಿತು. ಪವಿತ್ರ ಕತ್ತಿ ಕೆಳಗಿಟ್ಟಳು, ಲಂಗ ಎತ್ತಿ ಸಿಕ್ಕಿಸಿಕೊಂಡಳು, ಪಡಸಾಲೆಗೆ ನಡೆದು ಏಣಿ ಹತ್ತತೊಡಗಿದಳು. ಗಂಗಲಕ್ಷ್ಮಿ ಓಡಿಹೋಗಿ ಅವಳ ಕಾಲು ಹಿಡಿದುಕೊಂಡಳು.

"ಇಳಿಯೇ! ಇಳಿ ಕೆಳಕ್ಕೆ! ನಿನ್ನ ಯಾರೇ ಹತ್ತು ಅಂದೋರು?"

"ಯಾರೂ ಅನ್ನಿಲ್ಲ ಕಣಕ್ಕ. ಇಪ್ಪತ್ತ್‌ನೇವ್ಳು ನಾನೇ ಅಲ್ವಾ?"

ಇನ್ಸ್‌ಪೆಕ್ಟರು ಒಳಗೆ ಬಂದಾಗ ಗಂಗಲಕ್ಷ್ಮಿ ಹುಡುಗಿಯ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಅವರು ಕೇಳುವ ಮೊದಲೇ ಹೇಳಿದಳು.

"ನಾವು ಇಪ್ಪತ್ತು ಜನ ಸಾರ್. ಮೊದ್ಲಿಂದ್ಲೂ ಇಪ್ಪತ್ತೇ. ಸತ್ತ ಹುಚ್ಚಕ್ಕ ನನ್ನ ಕೆಲಸದೋಳು. ಅವತ್ತು ನೀವು ಇಲ್ಲಿ ಕೂತಿದ್ದಾಗ ಮ್ಯಾಲಿದ್ಳು. ಗೊತ್ತಿದ್ದೂ ನಾನು ಇಲ್ಲ ಅಂದೆ."

ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿ ಅವಳಿಗೆ ಅಳು ಬಂತು. ಇನ್ಸ್‌ಪೆಕ್ಟರ ಮುಖ ಬಿಳಿಚಿಕೊಂಡಿತು. ಅಟ್ಟದ ಕಡೆ ಒಮ್ಮೆ ನೋಡಿ, ಹೆಂಗಸರ ಕಡೆ ತಿರುಗಿದರು.

"ಏನಮ್ಮ, ಇವರು ಹೇಳೋದು ನಿಜವಾ?"

ಹೆಂಗಸರು ನೆಲ ನೋಡಿದರು. "ನಮಗೊತ್ತಿಲ್ಲ ಸಾಮಿ" ಎಂದಳು ಒಬ್ಬಳು. ಉಳಿದವರೂ ಅದನ್ನೇ ಅಂದರು. ಗಂಗಲಕ್ಷ್ಮಿ ಅವರನ್ನು ಅಂಗಲಾಚಿದಳು, ನಿಜ ಹೇಳ್ರೇ, ನಿಮ್ಮ ಕಾಲು ಹಿಡೀತೀನಿ ಎಂದಳು.

"ನೀನು ಅವಳ ಮಗಳಲ್ಲವೇನಮ್ಮ? ನೀನಾದರೂ ಹೇಳು" ಎಂದರು ಇನ್ಸ್‌ಪೆಕ್ಟರು.

ಪವಿತ್ರ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನಮ್ಮವ್ವ ಇಲ್ಲಿ ಕೆಲಸಕ್ಕಿರ್ಲಿಲ್ಲ ಸಾಮಿ. ಗೆಣೆಕಾತಿ ಮನೆ ಅಂತ ಬಂದಿದ್ಳು. ಕಾಯಿ ತಿರುವಾಕೆ ಅವ್ಳೇ ಹತ್ತಿದ್ಳು."

ಹೇಳಿ ಮುಗಿಸಿ, ಸರಿಯಾಗಿ ಹೇಳಿದೆನೇ ಎಂದು ಕೇಳುವಂತೆ ಗಂಗಲಕ್ಷ್ಮಿಯ ಮುಖ ನೋಡಿದಳು.